ಬರವೂ ನೆರೆಯೂ ಬರುವ ಹಿಂಗಾರು

ನಮಸ್ಕಾರ. ಪರದೆಯ ಮೇಲೆ ನೀವು ನೋಡುತ್ತಿರುವ ಈ ಕಪ್ಪು ನೆಲ ವಿಜಯಪುರ ಜಿಲ್ಲೆಯ ಡೋಣಿ ನದಿಯ ಸಾಲಿನ ಎರೆ ಭೂಮಿ. ಇದು ಹಸ್ತಾ ಮಳೆಯ ಕಾಲ. ಬಿಳಿಜೋಳ, ಕಡಲೆ, ಕುಸುಬೆಗಳ ಬಿತ್ತನೆ ನಡೆಯುವ ಸಮಯ. ಮುಂಗಾರಿನ ತಿಂಗಳುಗಳಲ್ಲಿ ಈ ಹೊಲಗಳನ್ನು ಹರಗಿ, ಬಿದ್ದ ಮಳೆಯನ್ನೆಲ್ಲ ನೆಲಕ್ಕೆ ಕುಡಿಸಿ, ಸೆಪ್ಟೆಂಬರ್ ಕೊನೆಗೆ ಬರುವ ಒಂದೆರಡು ಹದವಾದ ಮಳೆಗಾಗಿ ರೈತರು ಕಾಯುತ್ತಾರೆ. ಆ ಮಳೆ ಬಂದರೆ, ಮುಂದೆ ಒಂದು ಹನಿಯೂ ಬೀಳದಿದ್ದರೂ ನೆಲದೊಳಗಿನ ಹಸಿಯನ್ನೇ ನಂಬಿ, ಚಳಿಗಾಲದ ಇಬ್ಬನಿಯಲ್ಲಿ ಜೋಳ ತೆನೆ ಹಿಡಿಯುತ್ತದೆ. 'ಡೋಣಿ ಬೆಳೆದರೆ ಓಣಿಯೆಲ್ಲ ಕಾಳು' ಎಂಬ ಮಾತು ಹುಟ್ಟಿದ್ದು ಇಂತಹ ವರ್ಷಗಳನ್ನು ಕಂಡೇ.

ಇಂದಿನ ಈ ಸಂಚಿಕೆಯಲ್ಲಿ ನಾನು ಹೇಳಬೇಕೆಂದಿರುವುದು ಹದ ತಪ್ಪಿದ ಹಿಂಗಾರುಗಳ ಕುರಿತು. ಬರ ಮತ್ತು ನೆರೆಗಳನ್ನು ನಾವು ಎರಡು ಬೇರೆ ಬೇರೆ ಕಥೆಗಳೆಂಬಂತೆ ನೆನಪಿಟ್ಟುಕೊಂಡಿದ್ದೇವೆ. ಆದರೆ ಉತ್ತರ ಕರ್ನಾಟಕದ ಮಟ್ಟಿಗೆ ಎರಡೂ ತೀರ್ಮಾನವಾಗುವುದು ಶರದೃತುವಿನ ಅದೇ ಕೆಲವು ವಾರಗಳಲ್ಲಿ, ಅದೇ ಬಂಗಾಳ ಕೊಲ್ಲಿಯ ಕಡೆಯಿಂದ.

ನೈಋತ್ಯ ಮಾರುತ ಹಿಂದೆ ಸರಿಯುವ ಹೊತ್ತಿಗೆ ಗಾಳಿಯ ದಿಕ್ಕು ಬದಲಾಗುತ್ತದೆ. ಕೊಲ್ಲಿಯಲ್ಲಿ ರೂಪುಗೊಂಡ ವಾಯುಭಾರ ಕುಸಿತಗಳು ಆಂಧ್ರದ ಕರಾವಳಿಯನ್ನು ದಾಟಿ ಪಶ್ಚಿಮಕ್ಕೆ ಸಾಗುತ್ತವೆ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಈ ಬಯಲುಸೀಮೆಗೆ ಜೂನ್, ಜುಲೈ ತಿಂಗಳುಗಳ ಮೋಡಗಳು ಹೆಚ್ಚೇನನ್ನೂ ಕೊಟ್ಟಿರುವುದಿಲ್ಲ. ಹೀಗಾಗಿ ಪೂರ್ವದಿಂದ ಬರುವ ಈ ಮೋಡಗಳೇ ಇಲ್ಲಿಯ ಆಧಾರ. ಅವು ಬಾರದೆಯೂ ಹೋಗಬಹುದು. ಬಂದು, ಕದಲದೆ ನಿಂತೂ ಬಿಡಬಹುದು.

2009ರಲ್ಲಿ ಅವು ನಿಂತುಬಿಟ್ಟವು. ಆ ವರ್ಷದ ಮುಂಗಾರು ದೇಶದಾದ್ಯಂತ ವಾಡಿಕೆಗಿಂತ ಶೇ. 22ರಷ್ಟು ಕಡಿಮೆಯಾಗಿತ್ತು, 1972ರ ನಂತರ ಅಂತಹ ಕೊರತೆಯನ್ನು ದೇಶ ಕಂಡಿರಲಿಲ್ಲ. ರಾಜ್ಯದ ಅನೇಕ ತಾಲ್ಲೂಕುಗಳಲ್ಲಿ ಬರದ ಮಾತೇ ನಡೆದಿತ್ತು. ಸೆಪ್ಟೆಂಬರ್ 28ರಂದು ವಿಜಯದಶಮಿ. ಜನ ಬನ್ನಿ ಕೊಟ್ಟು, ಬಂಗಾರದಂತೆ ಇರೋಣ ಎಂದು ಹಾರೈಸಿಕೊಂಡ ಆ ಹಬ್ಬದ ಬೆನ್ನಿಗೇ ಹಿಡಿದ ಮಳೆ, ರಾಯಚೂರು, ಬಳ್ಳಾರಿ, ಕೊಪ್ಪಳ, ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳ ಮೇಲೆ ಹಗಲು ರಾತ್ರಿ ಸುರಿಯಿತು. ಸೀಗಿ ಹುಣ್ಣಿಮೆಯಂದು ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಬೇಕಾಗಿದ್ದ ಜನ, ಆ ಅಕ್ಟೋಬರ್ 4ರಂದು ಪರಿಹಾರ ಕೇಂದ್ರಗಳಲ್ಲಿದ್ದರು.

ನೆರೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ತುಂಬಿ ಹರಿಯುವ ನದಿ. ಆದರೆ ಆ ವಾರದಲ್ಲಿ ಪ್ರಾಣ ಕಳೆದುಕೊಂಡ ಅನೇಕರು ನದಿಯಿಂದ ದೂರದಲ್ಲಿ, ತಮ್ಮದೇ ಮನೆಯೊಳಗಿದ್ದರು. ಈಗ ಕಾಣುತ್ತಿರುವ ಈ ಮಾಳಿಗೆ ಮನೆಯನ್ನು ಗಮನಿಸಿ: ಮಣ್ಣಿನ ದಪ್ಪ ಗೋಡೆ, ಮರದ ತೊಲೆ ಜಂತೆಗಳ ಮೇಲೆ ಹರಡಿ ಬಡಿದು ಗಟ್ಟಿಮಾಡಿದ ಮಣ್ಣಿನ ಮಾಳಿಗೆ. ಬೇಸಿಗೆಯ ಉರಿಯನ್ನು ತಡೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಮನೆ ಈ ಸೀಮೆಯಲ್ಲಿ ಇಲ್ಲವೆಂದೇ ನನ್ನ ಭಾವನೆ. ಆದರೆ ದಿನಗಟ್ಟಲೆ ಬಿಡದೆ ಸುರಿಯುವ ಮಳೆಯನ್ನು ಎಣಿಸಿ ಕಟ್ಟಿದ ಮನೆ ಇದಲ್ಲ. ಮಾಳಿಗೆಯ ಮಣ್ಣು ನೀರು ಕುಡಿದಂತೆಲ್ಲ ಭಾರ ಹೆಚ್ಚುತ್ತದೆ, ಅದೇ ವೇಳೆಗೆ ಅದನ್ನು ಹೊತ್ತ ಗೋಡೆ ಬುಡದಲ್ಲಿ ನೆನೆದು ಮೆತ್ತಗಾಗುತ್ತದೆ, ಕೊನೆಗೆ ಮಲಗಿದ್ದವರ ಮೇಲೆಯೇ ಎಲ್ಲವೂ ಕುಸಿಯುತ್ತದೆ. ಕರ್ನಾಟಕದಲ್ಲಿ ಆ ಮಳೆ ಮತ್ತು ಪ್ರವಾಹಗಳಿಗೆ 200ಕ್ಕೂ ಹೆಚ್ಚು ಜನ ಬಲಿಯಾದರು; ಬಿದ್ದ ಮನೆಗಳು ಲಕ್ಷಗಳ ಲೆಕ್ಕದಲ್ಲಿದ್ದವು.

ಇನ್ನು ನದಿಯ ಮಾತು. ತುಂಗಭದ್ರೆಯಲ್ಲಿ ಬಂದ ಆ ಮಹಾಪೂರದ ಬಹುಪಾಲು ಹೊಸಪೇಟೆಯ ಅಣೆಕಟ್ಟೆಯ ಮೇಲಿನಿಂದ ಬಂದದ್ದಲ್ಲ, ಅಣೆಕಟ್ಟೆಯ ಕೆಳಗಿನ ಹಳ್ಳಕೊಳ್ಳಗಳಿಂದ ಮತ್ತು ಹಗರಿಯಂತಹ ಉಪನದಿಗಳಿಂದ ಬಂದದ್ದು. ವರ್ಷದ ಹೆಚ್ಚಿನ ಕಾಲ ಮರಳು ಮಾತ್ರ ಕಾಣುವ ಆ ಹಳ್ಳಗಳ ನೀರನ್ನು ತಡೆದು ನಿಲ್ಲಿಸುವ ದೊಡ್ಡ ಅಣೆಕಟ್ಟೆ ಮಧ್ಯದಲ್ಲಿ ಇರಲಿಲ್ಲ. ರಾಯಚೂರು ಜಿಲ್ಲೆಯ ತಲಮಾರಿಯಂತಹ ನದಿದಂಡೆಯ ಊರುಗಳು ಮುಳುಗಿದವು. ನದಿಯಾಚೆಯ ಮಂತ್ರಾಲಯದಲ್ಲಿ ರಾಘವೇಂದ್ರ ಸ್ವಾಮಿಗಳ ಮಠಕ್ಕೇ ನೀರು ನುಗ್ಗಿ, ಭಕ್ತರು ಕಟ್ಟಡಗಳ ಮೇಲಂತಸ್ತುಗಳಲ್ಲಿ ಸಿಕ್ಕಿಬಿದ್ದರು. ಅಕ್ಟೋಬರ್ 2ರಂದು ಕರ್ನೂಲು ನಗರ ಜಲಾವೃತವಾಯಿತು. ಅದರ ಕೆಳಗಿನ ಶ್ರೀಶೈಲ ಜಲಾಶಯವನ್ನು ಕಟ್ಟುವಾಗ ಹೆಚ್ಚೆಂದರೆ ಸುಮಾರು 19 ಲಕ್ಷ ಕ್ಯುಸೆಕ್, ಅಂದರೆ ಸೆಕೆಂಡಿಗೆ 19 ಲಕ್ಷ ಘನ ಅಡಿ, ಒಳಹರಿವು ಬರಬಹುದೆಂದು ಎಣಿಸಿದ್ದರು. ಆ ದಿನಗಳಲ್ಲಿ ಬಂದದ್ದು ಸುಮಾರು 25 ಲಕ್ಷ ಕ್ಯುಸೆಕ್. ಅಣೆಕಟ್ಟೆ ನಿಂತಿತು. ಅದು ನಿಲ್ಲದೇ ಹೋಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಯೋಚಿಸಲು ನನಗೆ ಇಂದಿಗೂ ಭಯವಾಗುತ್ತದೆ.

ಹಿಂಗಾರಿನ ನೆರೆಯಲ್ಲಿರುವ ವಿಶೇಷ ಅಪಾಯವೇ ಇದು. ಜುಲೈನಲ್ಲಿ ಬರುವ ಪೂರಕ್ಕೆ ಜಲಾಶಯಗಳಲ್ಲಿ ಜಾಗವಿರುತ್ತದೆ. ಸೆಪ್ಟೆಂಬರ್ ಕೊನೆಗೆ, ಮುಂದಿನ ಬೇಸಿಗೆಯನ್ನು ನೆನೆದು, ಸಾಧ್ಯವಾದಷ್ಟು ನೀರನ್ನು ತುಂಬಿಟ್ಟುಕೊಂಡಿರುತ್ತೇವೆ. ಮಳೆಗಾಲ ಮುಗಿಯಿತೆಂದು ತುಂಬಿಸಿಟ್ಟ ಆ ನೀರೇ, ತಡವಾಗಿ ಬಂದ ಪೂರಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ತೀರ ಕಂಡದ್ದು ಬಹುಮಟ್ಟಿಗೆ ಇದನ್ನೇ. ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಡ ಸೇರಿದ ವಾಯುಭಾರ ಕುಸಿತ ತೆಲಂಗಾಣ, ಕಲಬುರಗಿ, ಸೊಲ್ಲಾಪುರಗಳ ಮೇಲೆ ಸಾಗಿ ಅರಬ್ಬಿ ಸಮುದ್ರದ ಕಡೆಗೆ ಹೋಯಿತು. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಡಬೇಕಾಯಿತು, ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನಿಂದ ಸುಮಾರು 8 ಲಕ್ಷ ಕ್ಯುಸೆಕ್ ಹರಿಯಿತು, ಕಟಾವಿಗೆ ಇನ್ನೂ ಸಮಯವಿದ್ದ ತೊಗರಿ ನಿಂತಲ್ಲೇ ಕೊಳೆಯಿತು.

ಬಾರದೇ ಹೋದ ಹಿಂಗಾರಿನ ಕಥೆಗೆ ತೋರಿಸಲು ದೃಶ್ಯಗಳಿಲ್ಲ, ಆದ್ದರಿಂದಲೇ ಅದನ್ನು ನಾವು ಬೇಗ ಮರೆಯುತ್ತೇವೆ. 1876ರಲ್ಲಿ, ಧಾತು ಸಂವತ್ಸರದಲ್ಲಿ, ಮೊದಲು ಮುಂಗಾರು ಸೋತಿತು. ಜನ ಉಸಿರು ಬಿಗಿಹಿಡಿದು ಕಾದಿದ್ದ ಅಕ್ಟೋಬರ್ ಮಳೆಯೂ ಬರಲಿಲ್ಲ. ಮುಂದಿನ ಈಶ್ವರ ಸಂವತ್ಸರದವರೆಗೂ ಮುಂದುವರಿದ ಆ ಕ್ಷಾಮವನ್ನು ಹಿರಿಯರು ಧಾತು ಬರವೆಂದೇ ನೆನೆಯುತ್ತಿದ್ದರು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷವನ್ನು ದಾಟಿತ್ತು. 1881ರ ಗಣತಿಯಲ್ಲಿ ಅದು 42 ಲಕ್ಷಕ್ಕೂ ಕಡಿಮೆ. ನಮ್ಮ ಶಾಲೆಯ ಇತಿಹಾಸ ಪಾಠಗಳಲ್ಲಿ ಯುದ್ಧಗಳಿಗೆ ಸಿಕ್ಕ ಪುಟಗಳಲ್ಲಿ ಒಂದು ಪಾಲಾದರೂ ಆ ಎರಡು ವರ್ಷಗಳಿಗೆ ಸಿಗಬೇಕಿತ್ತು. ತೀರಾ ಈಚಿನ ಉದಾಹರಣೆ ಬೇಕೆಂದರೆ 2016ರ ಹಿಂಗಾರು: ದಕ್ಷಿಣ ಭಾರತದಲ್ಲಿ ಅದು ವಾಡಿಕೆಯ ಅರ್ಧದಷ್ಟೂ ಸುರಿಯಲಿಲ್ಲ.

ದಕ್ಷಿಣ ಕರ್ನಾಟಕವೂ ಇದರಿಂದ ಹೊರತಲ್ಲ. 2005ರ ಅಕ್ಟೋಬರ್ ಒಂದೇ ತಿಂಗಳಲ್ಲಿ ಬೆಂಗಳೂರಿನಲ್ಲಿ 605 ಮಿಲಿಮೀಟರ್ ಮಳೆಯಾಯಿತು. 2021ರ ನವೆಂಬರ್‌ನಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯ ರಾಗಿ ತೆನೆ ಹೊಲದಲ್ಲೇ ಮೊಳಕೆಯೊಡೆಯಿತು. ಅವುಗಳ ಬಗ್ಗೆ ಪ್ರತ್ಯೇಕವಾಗಿಯೇ ಮಾತನಾಡಬೇಕು.

ಕೊನೆಯದಾಗಿ ಕಾಣುತ್ತಿರುವ ಈ ಸಾಲುಮನೆಗಳು 2009ರ ನಂತರ 'ಆಸರೆ' ಯೋಜನೆಯಡಿ ಎತ್ತರದ ಜಾಗದಲ್ಲಿ ಕಟ್ಟಿದಂಥವು. ದಾನಿಗಳ ಮತ್ತು ಸರ್ಕಾರದ ಹಣದಿಂದ ಇಂತಹ ಬಡಾವಣೆಗಳು ಅನೇಕ ಊರುಗಳಿಗೆ ಬಂದವು. ಆದರೆ ಹೊಲಕ್ಕೆ ದೂರ, ದನ ಕಟ್ಟಲು, ಕಣಿಕೆ ಒಟ್ಟಲು ಜಾಗವಿಲ್ಲ ಎಂಬ ಕಾರಣಕ್ಕೆ ಹಲವು ಕಡೆ ಜನ ಹಳೆಯ ಊರನ್ನು ಬಿಡಲಿಲ್ಲ. ಅವರನ್ನು ದೂರುವುದು ನನಗೆ ಸರಿಯೆನಿಸುವುದಿಲ್ಲ. ಒಕ್ಕಲುತನದ ಮನೆಗೆ ಏನೇನು ಬೇಕೆಂದು ಅವರನ್ನು ಮೊದಲೇ ಕೇಳಬೇಕಿತ್ತು. ಮುಂದಿನ ಸಂಚಿಕೆಯಲ್ಲಿ, ನದಿದಂಡೆಯ ಹಳೆಯ ಊರಿನಲ್ಲೇ ಉಳಿದವರ ಮತ್ತು ಹೊಸ ಮನೆಗಳಿಗೆ ಬಂದು ನೆಲೆಸಿದವರ ಮಾತುಗಳನ್ನು ಕೇಳೋಣ.