ಆಲೂಗಡ್ಡೆ ಗನ್: ಸದ್ದು ಜಾಸ್ತಿ, ದೂರ ಕಮ್ಮಿ. ಯಾಕೆ?

[ಪರದೆ ಮೇಲೆ: ಎರಡು ಗನ್‌ಗಳ ರೇಖಾಚಿತ್ರ. ಬ್ಯಾರಲ್ ಒಂದೇ ಅಳತೆ, ಒಂದರ ಚೇಂಬರ್ ಮಾತ್ರ ದೊಡ್ಡದು]

ಆಲೂಗಡ್ಡೆ ಗನ್ ಅಂದರೆ ಪೈಪಿನಿಂದ ಆಲೂಗಡ್ಡೆ ಹಾರಿಸುವ ಸಾಧನ. ಆಲೂಗಡ್ಡೆ ಓಡುವ ಉದ್ದನೆಯ ಕೊಳವೆಯೇ ಬ್ಯಾರಲ್, ಅದರ ಹಿಂದೆ ಗ್ಯಾಸ್ ತುಂಬುವ ಜಾಗವೇ ಚೇಂಬರ್. ಇಲ್ಲಿ ಅಂಥ ಎರಡು ಗನ್ ಇವೆ. ಎರಡಕ್ಕೂ ಒಂದೇ ಅಳತೆಯ ಬ್ಯಾರಲ್. ಎಡಗಡೆಯದ್ದಕ್ಕೆ ಚಿಕ್ಕ ಚೇಂಬರ್. ಬಲಗಡೆಯದ್ದಕ್ಕೆ ಅದರ ಮೂರು ಪಟ್ಟು. ಒಳಗೆ ಗ್ಯಾಸ್ ಹೊತ್ತಿಸಿದರೆ ಯಾವ ಆಲೂಗಡ್ಡೆ ದೂರ ಹೋಗುತ್ತದೆ?

ಬಲಗಡೆಯದ್ದು ಅಂದ್ರಾ? ಅಮೆರಿಕದಲ್ಲಿ ಈ ಹವ್ಯಾಸಕ್ಕೆ ಇಳಿದವರಲ್ಲಿ ಬಹಳ ಜನ ಹಾಗೇ ಅಂದುಕೊಂಡರು. ಚೇಂಬರ್ ದೊಡ್ಡದು ಮಾಡುತ್ತಾ ಹೋದರು. ಸದ್ದು ಜೋರಾಯಿತು. ಬ್ಯಾರಲ್ ತುದಿಯಲ್ಲಿ ಬೆಂಕಿಯ ಉಂಡೆ ಕಾಣಿಸಿತು. ಆಲೂಗಡ್ಡೆ ಮಾತ್ರ ಹೆಚ್ಚು ಕಡಿಮೆ ಮೊದಲು ಬಿದ್ದಲ್ಲೇ ಬಿತ್ತು.

[ದೃಶ್ಯ: ಆಲೂಗಡ್ಡೆಯನ್ನು ಪೈಪಿನ ಚೂಪು ಅಂಚಿಗೆ ಒತ್ತುವುದು, ನಿಧಾನಗತಿಯಲ್ಲಿ]

ಮೊದಲು, ಆಲೂಗಡ್ಡೆಯೇ ಯಾಕೆ? ಪೈಪಿನ ಅಂಚು ಚೂಪಾಗಿದ್ದರೆ ಆಲೂಗಡ್ಡೆ ತಾನೇ ಕತ್ತರಿಸಿಕೊಂಡು ಸರಿಯಾದ ಬಿರಡೆ ಆಗುತ್ತದೆ. ಅದರ ರಸ ಜಾರುವುದಕ್ಕೂ ಆಯಿತು, ಸಂದು ಮುಚ್ಚುವುದಕ್ಕೂ ಆಯಿತು. ನಮ್ಮ ಕರಾವಳಿ, ಮಲೆನಾಡಿನ ಮಕ್ಕಳ ಪೆಟ್ಲಂಡೆ ಗೊತ್ತಲ್ಲ? ಬಿದಿರಿನ ಕೊಳವೆ, ಮುಂದೊಂದು ಕಾಯಿ, ಹಿಂದೊಂದು ಕಾಯಿ. ಹಿಂದಿನದನ್ನು ಕೋಲಿನಿಂದ ತಳ್ಳಿದರೆ ನಡುವಿನ ಗಾಳಿ ಒತ್ತಿಕೊಂಡು ಮುಂದಿನ ಕಾಯಿ 'ಟಪ್' ಅಂತ ಹಾರುತ್ತದೆ. ಎರಡರ ತತ್ವವೂ ಒಂದೇ. ಆದರೆ ಪೆಟ್ಲಂಡೆಯಲ್ಲಿ ಒತ್ತಡ ಕೊಡುವುದು ನಿಮ್ಮ ಕೈ, ಅದಕ್ಕೊಂದು ಮಿತಿ ಇದೆ. ಆಲೂಗಡ್ಡೆ ಗನ್‌ನಲ್ಲಿ ಆ ಕೆಲಸ ಮಾಡುವುದು ಉರಿಯುವ ಗ್ಯಾಸ್, ಇಲ್ಲವೇ ಟ್ಯಾಂಕಿನಲ್ಲಿ ತುಂಬಿಟ್ಟ ಗಾಳಿ.

ಗ್ಯಾಸ್ ಕಥೆ ನೋಡೋಣ. ಪ್ರೊಪೇನ್ ಚೆನ್ನಾಗಿ ಉರಿಯುವುದು ಗಾಳಿಯಲ್ಲಿ ಸುಮಾರು 4% ಇದ್ದಾಗ. 2% ಹತ್ತಿರಕ್ಕೆ ಇಳಿದರೆ ಹೊತ್ತುವುದಿಲ್ಲ. ಸುಮಾರು 9.5% ದಾಟಿದರೂ ಹೊತ್ತುವುದಿಲ್ಲ, ಯಾಕೆಂದರೆ ಉರಿಯಲು ಬೇಕಾದಷ್ಟು ಆಮ್ಲಜನಕವೇ ಅಲ್ಲಿ ಇರುವುದಿಲ್ಲ. ಪ್ರೊಪೇನ್ ಬದಲು ಚೇಂಬರ್ ಒಳಗೆ ಹೇರ್ ಸ್ಪ್ರೇ ಹೊಡೆದು ಹೊತ್ತಿಸಲು ನೋಡಿದವರಿಗೂ ಇದೇ ಅನುಭವ. ಹೊತ್ತಲಿಲ್ಲ ಅಂತ ಇನ್ನಷ್ಟು ಹೊಡೆದರು, ಆಗಂತೂ ಹೊತ್ತುವ ಮಾತೇ ಇಲ್ಲ. ಇನ್ನೊಂದು ತೊಂದರೆ ಎರಡನೇ ಸಲಕ್ಕೆ ಬರುತ್ತದೆ. ಮೊದಲು ಉರಿದ ಹೊಗೆ ಚೇಂಬರ್‌ನಲ್ಲೇ ನಿಂತಿರುತ್ತದೆ. ಅದನ್ನು ಹೊರಗೆ ಹಾಕಿ ಹೊಸ ಗಾಳಿ ತುಂಬದೆ ಕಿಡಿ ಕೊಟ್ಟರೆ ಏನೂ ಆಗುವುದಿಲ್ಲ.

[ಅನಿಮೇಷನ್: ಬೆಂಕಿ ಚೇಂಬರ್ ಒಳಗೆ ಹರಡುತ್ತಿದೆ, ಆಲೂಗಡ್ಡೆ ಆಗಲೇ ಹೊರಟಿದೆ]

ಈಗ ಆ ದೊಡ್ಡ ಚೇಂಬರ್ ಲೆಕ್ಕ. ಬೆಂಕಿ ಒಂದೇ ಕ್ಷಣಕ್ಕೆ ಎಲ್ಲ ಕಡೆ ಹೊತ್ತುವುದಿಲ್ಲ, ಕಿಡಿಯಿಂದ ಶುರುವಾಗಿ ಹರಡಬೇಕು. ಅಷ್ಟರಲ್ಲಿ ಆಲೂಗಡ್ಡೆ ಬ್ಯಾರಲ್ ಬಿಟ್ಟು ಹೋಗಿರುತ್ತದೆ. ಉಳಿದ ಗ್ಯಾಸ್ ಹೊರಗೆ ಬಂದು ಉರಿಯುತ್ತದೆ. ನೋಡಿದವರು 'ಆಹಾ' ಅನ್ನುವ ಆ ಬೆಂಕಿ, ಆ ಸದ್ದು, ಎರಡೂ ಪೋಲಾದ ಶಕ್ತಿ. ಹಾಗಂತ ಬ್ಯಾರಲ್ ಉದ್ದ ಮಾಡುತ್ತಾ ಹೋದರೆ? ಒಳಗಿನ ಒತ್ತಡ ಇಳಿಯುತ್ತಾ ಬರುತ್ತದೆ. ಒಂದು ಹಂತದ ನಂತರ ಪೈಪಿನ ಉಜ್ಜಾಟವೇ ಆಲೂಗಡ್ಡೆಯನ್ನು ಹಿಡಿದು ನಿಲ್ಲಿಸಲು ನೋಡುತ್ತದೆ. ಬ್ಯಾರಲ್ ಕತ್ತರಿಸಿ, ಅಳೆದು, ಮತ್ತೆ ಕತ್ತರಿಸಿ ಹವ್ಯಾಸಿಗಳು ಮುಟ್ಟಿದ ಅಂದಾಜು ಇದು: ಬ್ಯಾರಲ್ ಒಳಗಿನ ಜಾಗ 1 ಆದರೆ ಚೇಂಬರ್ ಜಾಗ ಸುಮಾರು 0.8. ಅಂದರೆ ಚೇಂಬರೇ ಚಿಕ್ಕದು!

ಗಾಳಿಯ ಗನ್‌ನಲ್ಲಿ ಗುಟ್ಟು ಬೇರೆ ಕಡೆ ಇದೆ: ಟ್ಯಾಂಕಿನ ಗಾಳಿಯನ್ನು ಬ್ಯಾರಲ್‌ಗೆ ಬಿಡುವ ವಾಲ್ವ್. ನನಗಂತೂ ಇಡೀ ಕಥೆಯಲ್ಲಿ ಹೆಚ್ಚು ಇಷ್ಟವಾದ ಭಾಗ ಇದೇ. 1.5 ಮೀಟರ್ ಬ್ಯಾರಲ್, ಒಳಗೆ ಸರಾಸರಿ ಸೆಕೆಂಡಿಗೆ 30 ಮೀಟರ್ ವೇಗ ಅಂತ ಇಟ್ಟುಕೊಳ್ಳಿ. ಆಲೂಗಡ್ಡೆ 0.05 ಸೆಕೆಂಡಿನಲ್ಲಿ ಹೊರಗೆ. ಅಷ್ಟರಲ್ಲಿ ನೀವು ಬಾಲ್ ವಾಲ್ವ್‌ನ ಹಿಡಿಯನ್ನು ಪೂರ್ತಿ ತಿರುಗಿಸಲು ಆಗುತ್ತದಾ? ಕಾಲು ಭಾಗ ತೆರೆದಾಗಲೇ ಆಲೂಗಡ್ಡೆ ಹೊರಟು ಬಿಡುತ್ತದೆ. ಪೂರ್ತಿ ತೆರೆಯುವ ಹೊತ್ತಿಗೆ ಗಾಳಿ ಖಾಲಿ ಬ್ಯಾರಲ್‌ನಲ್ಲಿ ಸುಮ್ನೆ ನುಗ್ಗುತ್ತಿರುತ್ತದೆ. ಹಾಗಾಗಿ ಜನ ಹುಲ್ಲುಹಾಸಿಗೆ ನೀರು ಹಾಯಿಸುವ ಸ್ಪ್ರಿಂಕ್ಲರ್ ವಾಲ್ವ್ ತಂದರು. ಅದರೊಳಗಿನ ರಬ್ಬರ್ ಪರದೆ ಕೈಗಿಂತ ಬೇಗ ತೆರೆಯುತ್ತದೆ. ಅದೂ ಸಾಲದೆ ಕೆಲವರು ಪಿಸ್ಟನ್ ವಾಲ್ವ್ ತಾವೇ ಮಾಡಿಕೊಂಡರು.

[ಪರದೆ ಮೇಲೆ: ಒತ್ತಡ ಮತ್ತು ವೇಗದ ಗ್ರಾಫ್. ಲೆಕ್ಕದ ಗೆರೆ ಮೇಲೆ, ಅಳತೆಯ ಚುಕ್ಕೆಗಳು ಕೆಳಗೆ]

2012ರಲ್ಲಿ ಅಮೆರಿಕದ ವಾಬಾಷ್ ಕಾಲೇಜಿನವರು ಇದನ್ನು ಲೆಕ್ಕ ಹಾಕಿ ತೋರಿಸಿದರು. ಗಾಳಿ ಹಿಗ್ಗುತ್ತದೆ, ಆಲೂಗಡ್ಡೆಯನ್ನು ತಳ್ಳುತ್ತದೆ ಅಂತ ಪಠ್ಯಪುಸ್ತಕದ ಸೂತ್ರ ಹಾಕಿದರೆ ಬರುವ ವೇಗ ನಿಜಕ್ಕಿಂತ ಜಾಸ್ತಿ. ವಾಲ್ವ್ ಮೂಲಕ ಎಷ್ಟು ಗಾಳಿ ಹಾಯಬಲ್ಲದು ಅನ್ನುವುದನ್ನೂ ಸೇರಿಸಿದಾಗಲೇ ಲೆಕ್ಕ, ಅಳತೆ ಎರಡೂ ಕೂಡಿದವು.

ವೇಗ ಅಳೆಯುವುದು ಹೇಗೆ? 2007ರಲ್ಲಿ ಇಬ್ಬರು ಸಂಶೋಧಕರು ಒಂದು ಮೈಕ್, ಒಂದು ಕಂಪ್ಯೂಟರ್ ಇಟ್ಟುಕೊಂಡು ಅಳೆದರು. ಉದಾಹರಣೆಗೆ ಗುರಿ 20 ಮೀಟರ್ ದೂರ ಇದೆ, ಮೈಕ್ ಗನ್ ಪಕ್ಕದಲ್ಲಿದೆ ಅನ್ನಿ. 'ಢಂ' ಮತ್ತು 'ಧಪ್' ನಡುವೆ 0.458 ಸೆಕೆಂಡ್. ಧಪ್ ಸದ್ದು ವಾಪಸ್ ಬರಲು ತೆಗೆದುಕೊಂಡ 0.058 ಕಳೆಯಿರಿ. ಉಳಿದದ್ದು 0.4 ಸೆಕೆಂಡ್. ವೇಗ ಸೆಕೆಂಡಿಗೆ 50 ಮೀಟರ್. ಇಷ್ಟು ಮಾಡದೆ 'ಈ ಸಲ ಚೆನ್ನಾಗಿ ಹೋಯ್ತು' ಅನ್ನುವುದನ್ನು ಪ್ರಯೋಗ ಅನ್ನಲಾಗದು.

[ದೃಶ್ಯ: ಹೊಲದ ನಡುವೆ ಲಾರಿ ಉದ್ದದ ಗಾಳಿ ಫಿರಂಗಿ]

ಅಮೆರಿಕದ ಡೆಲವೇರ್‌ನಲ್ಲಿ 1986ರಲ್ಲಿ ಕುಂಬಳಕಾಯಿ ಎಸೆಯುವ ಸ್ಪರ್ಧೆ ಶುರುವಾಯಿತು. ಆಮೇಲೆ ಅಲ್ಲಿಗೆ ಗಾಳಿ ಫಿರಂಗಿಗಳು ಬಂದವು. ಅಲ್ಲಿನ ತಲೆನೋವು ಏನು ಅಂದರೆ, ಒತ್ತಡ ಒಮ್ಮೆಲೇ ಏರಿಸಿದರೆ ಕುಂಬಳಕಾಯಿ ಗಾಳಿಯಲ್ಲೇ ಚೂರು ಚೂರು. ಅದಕ್ಕೆ ಅವರ ಬ್ಯಾರಲ್‌ಗಳು ಅಷ್ಟು ಉದ್ದ: ಮೆಲ್ಲಗೆ, ಆದರೆ ಬಹಳ ದೂರ ತಳ್ಳಬೇಕು. 2010ರಲ್ಲಿ ಯೂಟಾದ ಮೋಆಬ್‌ನಲ್ಲಿ ಇಂಥದೊಂದು ಯಂತ್ರ ಕುಂಬಳಕಾಯಿಯನ್ನು 1,690 ಮೀಟರ್ ದೂರ ಹಾರಿಸಿತು. 2016ರಲ್ಲಿ ಡೆಲವೇರ್‌ನ ಸ್ಪರ್ಧೆಯಲ್ಲೇ ಒಂದು ಫಿರಂಗಿಯ ಭಾಗ ಕಿತ್ತು ಹಾರಿ, ಪಕ್ಕದಲ್ಲಿದ್ದ ಮಹಿಳೆಗೆ ಗಂಭೀರ ಗಾಯವಾಯಿತು.

ಇಲ್ಲಿಗೆ ಬಂದಾಗ ನನ್ನ ಮಾತು ಸ್ವಲ್ಪ ಬಿಗಿಯಾಗುತ್ತದೆ. ಬ್ಯಾರಲ್ ಉದ್ದ, ವಾಲ್ವ್, ಬಿರಡೆ ಇವೆಲ್ಲ ಮಾಡಿ ನೋಡಿ ಕಲಿಯುವಂಥವು. ತಪ್ಪಾದರೆ ಆಲೂಗಡ್ಡೆ ಹತ್ತಿರ ಬೀಳುತ್ತದೆ. ಪೈಪ್ ತಡೆಯುತ್ತದಾ ಇಲ್ಲವಾ ಅನ್ನುವುದನ್ನು ಹಾಗೆ ಕಲಿಯಲು ಆಗುವುದಿಲ್ಲ.

2025ರ ದೀಪಾವಳಿ ನೆನಪಿದೆಯಾ? ಭೋಪಾಲ್ ಮತ್ತು ಮಧ್ಯಪ್ರದೇಶದ ಬೇರೆ ಊರುಗಳಲ್ಲಿ ಕಾರ್ಬೈಡ್ ಗನ್‌ಗಳಿಂದ ನೂರಕ್ಕೂ ಜಾಸ್ತಿ ಜನರ ಕಣ್ಣಿಗೆ ಗಾಯವಾಯಿತು. ಅವರಲ್ಲಿ ಮಕ್ಕಳೇ ಹೆಚ್ಚು. ಕಾರ್ಬೈಡ್‌ಗೆ ನೀರು ಬಿದ್ದರೆ ಅಸಿಟಿಲಿನ್ ಅನ್ನುವ ಉರಿಯುವ ಗ್ಯಾಸ್ ಬರುತ್ತದೆ, ಈ ಗನ್‌ನಲ್ಲಿ ಹೊತ್ತಿಸುವುದು ಅದನ್ನೇ. ಪ್ರೊಪೇನ್‌ಗಾದರೆ 9.5% ಅನ್ನುವ ಬೇಲಿ ಇದೆ. ಅಸಿಟಿಲಿನ್ 2.5%ನಿಂದ ಹಿಡಿದು 80%ವರೆಗೂ ಹೊತ್ತುತ್ತದೆ. 'ಜಾಸ್ತಿ ಆಯಿತು, ಇನ್ನು ಹೊತ್ತುವುದಿಲ್ಲ' ಅಂತ ಬಗ್ಗಿ ನೋಡುವ ಹಾಗಿಲ್ಲ. ಬಗ್ಗಿ ನೋಡಿದವರಿಗೇ ಪೆಟ್ಟಾಗಿದ್ದು.

[ಪರದೆ ಮೇಲೆ: ಪಿವಿಸಿ ಪೈಪಿನ ಮೇಲಿನ ಒತ್ತಡದ ಅಂಕಿ, ಹತ್ತಿರದಿಂದ]

'ಪೈಪ್ ಮೇಲೆ ಇಷ್ಟು ಒತ್ತಡ ತಡೆಯುತ್ತೆ ಅಂತ ಬರೆದಿದೆಯಲ್ಲ' ಅನ್ನುತ್ತೀರಾ? ಅದು ನೀರಿಗೆ ಕೊಟ್ಟ ಅಂಕಿ. 4 ಲೀಟರ್ ನೀರನ್ನು 7 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ಒತ್ತಡಕ್ಕೆ ಒತ್ತಿದರೆ ಅದರಲ್ಲಿ ಕೂಡುವ ಶಕ್ತಿ 1 ಜೂಲ್ ಕೂಡ ಇಲ್ಲ. ಅದೇ ಜಾಗದಲ್ಲಿ ಅದೇ ಒತ್ತಡಕ್ಕೆ ಗಾಳಿ ತುಂಬಿದರೆ 2,000 ಜೂಲ್ ದಾಟುತ್ತದೆ. 50 ಕೆ.ಜಿ. ಸಿಮೆಂಟ್ ಮೂಟೆ 4 ಮೀಟರ್ ಮೇಲಿಂದ ಬಿದ್ದಷ್ಟು. ಪಿವಿಸಿ ಬಾಗುವುದಿಲ್ಲ, ಹಿಗ್ಗುವುದಿಲ್ಲ, ಚೂಪು ಚೂರುಗಳಾಗಿ ಸಿಡಿಯುತ್ತದೆ. ಬಿಸಿಲು, ಚಳಿ, ಪ್ರತಿ ಹೊಡೆತ, ಎಲ್ಲವೂ ಅದನ್ನು ಇನ್ನಷ್ಟು ಸುಲಭವಾಗಿ ಒಡೆಯುವ ಹಾಗೆ ಮಾಡುತ್ತವೆ ಇಲ್ಲವೇ ಕಣ್ಣಿಗೆ ಕಾಣದ ಬಿರುಕು ಬಿಡಿಸುತ್ತವೆ. ನಿನ್ನೆ ತಡೆದದ್ದು ಇವತ್ತೂ ತಡೆಯುತ್ತದೆ ಅನ್ನಲು ಆಧಾರವೇ ಇಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ 1988ರಲ್ಲೇ ಕಾರ್ಖಾನೆಗಳಿಗೆ ಎಚ್ಚರಿಕೆ ಕೊಟ್ಟಿತ್ತು: ನೆಲದ ಮೇಲಿನ ಕಂಪ್ರೆಸ್ಡ್ ಗಾಳಿಯ ಲೈನಿಗೆ ಪಿವಿಸಿ ಬೇಡ.

ಹಾಗಾದರೆ ಬಲ ಪರೀಕ್ಷೆ ಹೇಗೆ? ಗ್ಯಾಸ್ ಸಿಲಿಂಡರ್, ಬಾಯ್ಲರ್ ಮಾಡುವವರ ಹತ್ತಿರ ಹಳೆಯ ದಾರಿ ಇದೆ. ಗಾಳಿಗೆಂದೇ ಮಾಡಿದ ಲೋಹದ ಟ್ಯಾಂಕ್ ತೆಗೆದುಕೊಂಡು, ಒಳಗೆ ಒಂದು ಗುಳ್ಳೆ ಗಾಳಿಯೂ ಉಳಿಯದಂತೆ ನೀರು ತುಂಬುತ್ತಾರೆ. ಆಮೇಲೆ ಬಳಸುವ ಒತ್ತಡಕ್ಕಿಂತ ಜಾಸ್ತಿ ಒತ್ತಡಕ್ಕೆ ಏರಿಸುತ್ತಾರೆ. ಟ್ಯಾಂಕ್ ಸೋತರೆ ಒತ್ತಡದ ಮುಳ್ಳು ಸೊನ್ನೆಗೆ ಬೀಳುತ್ತದೆ, ನೆಲ ಒದ್ದೆಯಾಗುತ್ತದೆ.