ಡೈ ಇಲ್ಲದೆ ಮೆದುಳಿನ ರಕ್ತನಾಳ ಕಾಣುವುದು ಹೇಗೆ?

ನಮಸ್ಕಾರ. ನಿಮ್ಮಲ್ಲೊಬ್ಬರು ಕೇಳಿದ ಪ್ರಶ್ನೆ ಒಂದು ವಾರದಿಂದ ನನ್ನ ತಲೆಯಲ್ಲೇ ಕೂತಿದೆ. "ಅಮ್ಮನಿಗೆ ತಲೆಯ ಎಂಆರ್‌ಐ ಮಾಡಿದರು. ಒಂದು ಇಂಜೆಕ್ಷನ್ನೂ ಕೊಡಲಿಲ್ಲ. ಆದರೂ ಫಿಲ್ಮ್‌ನಲ್ಲಿ ರಕ್ತನಾಳಗಳು ಬೆಳ್ಳಗೆ ಹೊಳೆಯುತ್ತಿದ್ದವು. ಹೇಗೆ?"

ಮೊದಲು ಸ್ವಲ್ಪ ಹಿನ್ನೆಲೆ, ಬೇಗ ಮುಗಿಸುತ್ತೇನೆ. ಮೆದುಳಿನ ನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಸ್ಟ್ರೋಕ್. ನಾಳದ ಗೋಡೆ ಬಲೂನಿನ ಹಾಗೆ ಉಬ್ಬಿದರೆ ಅನ್ಯೂರಿಸಂ. 1927ರಲ್ಲಿ ಪೋರ್ಚುಗಲ್‌ನ ವೈದ್ಯ ಎಗಾಸ್ ಮೊನಿಜ್ ಕತ್ತಿನ ನಾಳಕ್ಕೆ ಡೈ (ನಾಳಗಳು ಚಿತ್ರದಲ್ಲಿ ಎದ್ದು ಕಾಣುವಂತೆ ಮಾಡುವ ದ್ರವ) ಬಿಟ್ಟು, ಎಕ್ಸ್‌ರೇ ತೆಗೆದು, ಬದುಕಿರುವ ಮನುಷ್ಯನ ಮೆದುಳಿನ ನಾಳಗಳನ್ನು ಮೊದಲ ಬಾರಿಗೆ ತೋರಿಸಿದರು.

ಈಗ ಡೈ ಇಲ್ಲದ ಕಥೆ. ಇದರ ಹೆಸರು ಟೈಮ್ ಆಫ್ ಫ್ಲೈಟ್.

[ಪರದೆಯಲ್ಲಿ: ಕೂತಿರುವ ಜನ, ಒಂದು ಬಾಗಿಲು]

ಒಂದು ಕೋಣೆ ತುಂಬ ಜನ ಕೂತಿದ್ದಾರೆ. ನೀವು "ಏಳಿ, ಏಳಿ, ಏಳಿ" ಅಂತ ಬಿಡುವೇ ಕೊಡದೆ ಕೂಗುತ್ತೀರಿ. ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಸುಸ್ತು. ಯಾರೂ ಏಳುವುದಿಲ್ಲ. ಅಷ್ಟರಲ್ಲಿ ಬಾಗಿಲಿಂದ ಹೊಸಬರು ಬರುತ್ತಾರೆ. ನಿಮ್ಮ ಕೂಗಿಗೆ ಎದ್ದು ನಿಲ್ಲುವವರು ಅವರು ಮಾತ್ರ!

ಎಂಆರ್‌ಐ ಮಾಡುವುದೂ ಇದನ್ನೇ. ಅದರ ಕೂಗು ರೇಡಿಯೋ ಅಲೆ. ಮೆದುಳಿನ ಒಂದೇ ಭಾಗಕ್ಕೆ ಅದನ್ನು ಮತ್ತೆ ಮತ್ತೆ ಬಿಟ್ಟಾಗ, ಕದಲದೆ ಇರುವ ಮೆದುಳಿನ ಸಿಗ್ನಲ್ ಮಂಕಾಗುತ್ತದೆ. ಕೆಳಗಿನಿಂದ ನುಗ್ಗಿ ಬರುವ ಹೊಸ ರಕ್ತ ಮಾತ್ರ ಜೋರಾಗಿ ಉತ್ತರ ಕೊಡುತ್ತದೆ. ಅದೇ ಆ ಬಿಳಿ ಹೊಳಪು. ನಮ್ಮದೇ ರಕ್ತ ಡೈ ಕೆಲಸ ಮಾಡುತ್ತಿದೆ! ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಆದರೆ ಇಲ್ಲೇ ಒಂದು ತೊಡಕೂ ಇದೆ, ಅಲ್ವಾ? ರಕ್ತ ತುಂಬ ನಿಧಾನವಾಗಿ ಹರಿದರೆ ಅದೂ ಒಳಗೇ ಉಳಿದು ಸುಸ್ತಾಗುತ್ತದೆ, ಹೊಳಪು ಹೋಗುತ್ತದೆ. ಹಾಗಾಗಿ ಕಿರಿದಾದ ನಾಳ ಪೂರ್ತಿ ಮುಚ್ಚಿದಂತೆ ಕಾಣಬಹುದು. ಈ ಒಂದು ಸ್ಕ್ಯಾನ್ ನೋಡಿ ಡಾಕ್ಟರು ಇನ್ನೊಂದು ಬರೆದರೆ ಸುಮ್ನೆ ಬರೆದರು ಅಂದುಕೊಳ್ಳಬೇಡಿ.

ಟೈಮ್ ಕಮ್ಮಿ ಇದೆ, ಉಳಿದವು ಒಟ್ಟಿಗೆ. ತುರ್ತಿಗೆ ಸಿಟಿ ಆಂಜಿಯೋ, ಅಂದರೆ ಎಕ್ಸ್‌ರೇಯಿಂದ ನಾಳ ನೋಡುವ ಸ್ಕ್ಯಾನ್: ತೋಳಿನಿಂದ ಡೈ, ಸ್ಕ್ಯಾನ್ ಕೆಲವೇ ಸೆಕೆಂಡು. ಇನ್ನೂ ಸೂಕ್ಷ್ಮವಾಗಿ ನೋಡಬೇಕಾದರೆ ಡಿಎಸ್‌ಎ: ತೊಡೆಸಂದು ಅಥವಾ ಮಣಿಕಟ್ಟಿನಿಂದ ತೆಳು ಕೊಳವೆ ತೂರಿಸಿ ಡೈ ಬಿಡುತ್ತಾರೆ. ಡೈ ಬಿಟ್ಟ ಎಕ್ಸ್‌ರೇ ಚಿತ್ರದಿಂದ ಬಿಡುವ ಮುಂಚಿನ ಚಿತ್ರವನ್ನು ಕಂಪ್ಯೂಟರ್ ಕಳೆಯುತ್ತದೆ. ಮೂಳೆ ಮಾಯ, ನಾಳ ಮಾತ್ರ ಉಳಿಯುತ್ತದೆ. ಇನ್ನು ಪರ್ಫ್ಯೂಷನ್ ಸ್ಕ್ಯಾನ್: ಎಲ್ಲಿಗೆ ಎಷ್ಟು ರಕ್ತ ತಲುಪುತ್ತಿದೆ ಅಂತ ನೋಡಿ, ಮೆದುಳಿನ ಯಾವ ಭಾಗ ಸತ್ತಿದೆ, ಯಾವುದನ್ನು ಇನ್ನೂ ಉಳಿಸಬಹುದು ಅಂತ ಅಂದಾಜು ಕೊಡುತ್ತದೆ. ಇಂಥ ಚಿತ್ರ ನೋಡಿಯೇ, ಆಯ್ದ ಕೆಲವರಿಗೆ ಸ್ಟ್ರೋಕ್ ಆಗಿ 24 ಗಂಟೆಯವರೆಗೂ ನಾಳ ಕಟ್ಟಿರುವ ರಕ್ತದ ಹೆಪ್ಪನ್ನು ಎಳೆದು ತೆಗೆಯುತ್ತಾರೆ. ಹಾಗಂತ ಕಾಯಬಹುದು ಅಂತಲ್ಲ. ದೊಡ್ಡ ನಾಳ ಕಟ್ಟಿಕೊಂಡ ಸ್ಟ್ರೋಕ್‌ನಲ್ಲಿ ನಿಮಿಷಕ್ಕೆ ಅಂದಾಜು 19 ಲಕ್ಷ ನರಕೋಶಗಳು ಸಾಯುತ್ತವೆ.