ಕಾಫಿಯ ಅಣು ಕೊರಳಿಗೆ ಬರುವಾಗ

ಎಲ್ಲರಿಗೂ ನಮಸ್ಕಾರ.

ಇವತ್ತು ಫೆಬ್ರವರಿ 28. ವಿಜ್ಞಾನ ದಿನದ ವೇದಿಕೆಯಲ್ಲಿ ಬೆಳ್ಳಿ ಒಡವೆಯ ಮಾತೇ ಎಂದು ಯಾರಿಗೂ ಅನ್ನಿಸಬೇಕಾಗಿಲ್ಲ. ರಾಮನ್ ಅವರೇ ವಜ್ರ, ಮುತ್ತು, ಓಪಲ್, ಲ್ಯಾಬ್ರಡೊರೈಟ್ ಕಲ್ಲುಗಳ ಬಣ್ಣದ ಬೆನ್ನು ಹತ್ತಿದವರು. ಅವರು ಕೂಡಿಸಿದ ಕಲ್ಲು, ಹರಳುಗಳು ಇದೇ ಬೆಂಗಳೂರಿನ ಅವರ ಸಂಸ್ಥೆಯಲ್ಲಿವೆ.

ಸಭೆಯಲ್ಲಿ ಬೆಳ್ಳಿ ಕೆಲಸ ಕಲಿಯುತ್ತಿರುವವರಿದ್ದೀರಿ, ರಸಾಯನಶಾಸ್ತ್ರ ಓದಿದವರೂ ಇದ್ದೀರಿ. ಇಬ್ಬರಿಗೂ ಒಂದೇ ಮಾತು. ಅಣುವಿನ ರಚನೆಯನ್ನೇ ಬೆಳ್ಳಿ ತಂತಿಯಲ್ಲಿ ತೋರಿಸುವ ಕೊರಳ ಪದಕ ಮಾಡುವುದಾದರೆ ಅಣು ಸರಿಯಾಗಿರಬೇಕು. ಹಾಕಿಕೊಂಡವರನ್ನು ಬಸ್ಸಿನಲ್ಲೋ ಮದುವೆಮನೆಯಲ್ಲೋ ಯಾರಾದರೂ ಕೇಳಿಯೇ ಕೇಳುತ್ತಾರೆ: "ಇದೇನಮ್ಮಾ ಇದು?" ಆಕೆ ಕೊಡುವ ಉತ್ತರ ನಿಜವಾಗಿರಬೇಕು. ಆ ಹೊಣೆ ಮಾಡಿಕೊಟ್ಟವರದು.

ಕೆಫೀನನ್ನೇ ತೆಗೆದುಕೊಳ್ಳೋಣ, ಚಿಕ್ಕಮಗಳೂರಿನ ನಾಡಿಗೆ ಅದಕ್ಕಿಂತ ಹತ್ತಿರದ ಅಣು ಯಾವುದಿದೆ? ಆರು ಭುಜದ ಒಂದು ಬಳೆ, ಐದು ಭುಜದ ಇನ್ನೊಂದು, ಎರಡಕ್ಕೂ ಒಂದು ಭುಜ ಸಮಾನ. ನಾಲ್ಕು ನೈಟ್ರೋಜನ್, ಎರಡು ಆಕ್ಸಿಜನ್. ಹೊರಕ್ಕೆ ಚಾಚಿದ ಮೂರು ಮೀಥೈಲ್ ಕಡ್ಡಿಗಳು, ಮೀಥೈಲ್ ಎಂದರೆ ಒಂದು ಕಾರ್ಬನ್, ಮೂರು ಹೈಡ್ರೋಜನ್ ಇರುವ ಗುಂಪು. ಜನ ಎಡವುವುದು ಈ ಮೂರು ಕಡ್ಡಿಗಳಲ್ಲಿ. "ಒಂದು ಕಡ್ಡಿ ಬಿಟ್ಟರೆ ನೋಡಲು ಚೆಂದ" ಎಂದು ಬಿಡುತ್ತಾರೆ. ಎರಡು ಆಕ್ಸಿಜನ್‌ಗಳ ನಡುವಿನ ಮೀಥೈಲ್ ಬಿಟ್ಟರೆ ಅದು ಥಿಯೋಬ್ರೊಮೀನ್, ಚಾಕೊಲೇಟಿನದು. ಐದು ಭುಜದ ಬಳೆಯ ಮೇಲಿನದನ್ನು ಬಿಟ್ಟರೆ ಥಿಯೋಫಿಲಿನ್, ಉಬ್ಬಸಕ್ಕೆ ಕೊಡುವ ಔಷಧ. ಮೂರನೆಯದನ್ನು ಬಿಟ್ಟರೆ ಪ್ಯಾರಾಕ್ಸಾಂಥೀನ್: ಕುಡಿದ ಕಾಫಿಯ ಬಹುಪಾಲು ಕೆಫೀನನ್ನು ನಮ್ಮ ಯಕೃತ್ತು ಮೊದಲು ಮಾರ್ಪಡಿಸುವುದು ಇದಕ್ಕೇ. ಆರು ಮಿಲಿಮೀಟರ್ ಬೆಳ್ಳಿ ತಂತಿ ಬಿಟ್ಟದ್ದಕ್ಕೆ ಕಾಫಿ ಹೋಗಿ ಚಾಕೊಲೇಟ್ ಆಯಿತು! ಆಮೇಲೆ "ಇದೇನಮ್ಮಾ" ಎಂದವರಿಗೆ ಆಕೆ ಕಾಫಿ ಎಂದೇ ಹೇಳುತ್ತಾಳೆ, ಪಾಪ.

ಈಗ ಕೈಕೆಲಸ. 925 ಬೆಳ್ಳಿಯ, ಅಂದರೆ ಸಾವಿರದಲ್ಲಿ 925 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ ಇರುವ, 1.2 ಮಿಮೀ ಚೌಕ ತಂತಿ ತೆಗೆದುಕೊಳ್ಳಿ. ಒಂದು ಬಂಧಕ್ಕೆ, ಅಂದರೆ ಒಂದು ಪರಮಾಣುವಿನಿಂದ ಪಕ್ಕದ್ದಕ್ಕೆ ಹೋಗುವ ಗೆರೆಗೆ, 6 ಮಿಮೀ ಅಳತೆ ಇಟ್ಟರೆ ಪದಕ ಸುಮಾರು 30 ಮಿಮೀ ಅಗಲ ಬರುತ್ತದೆ. ಮೊದಲು ತಂತಿಯನ್ನು ಮಬ್ಬು ಬೆಳಕಿನಲ್ಲಿ ಮಂದ ಕೆಂಪು ಕಾಣುವಷ್ಟೇ ಕಾಯಿಸಿ, ಕೆಂಪು ಆರಿದ ಮೇಲೆ ನೀರಿಗೆ ಹಾಕಿ ಮೆದುಮಾಡಿ. 6 ಮಿಮೀಗೊಂದು ಗುರುತು ಹಾಕಿ, ಗುರುತಿನಲ್ಲಿ ತ್ರಿಕೋನ ಅರದಿಂದ ತಂತಿಯ ದಪ್ಪದ ಮುಕ್ಕಾಲು ಪಾಲು ಕಚ್ಚು ಹಾಕಿ. ತ್ರಿಕೋನ ಅರದ ಮೂಲೆ 60 ಡಿಗ್ರಿ. ಷಡ್ಭುಜದ ಪ್ರತಿ ಮೂಲೆಯಲ್ಲಿ ತಂತಿ ತಿರುಗಬೇಕಾದದ್ದೂ 60 ಡಿಗ್ರಿಯೇ. ಕಚ್ಚು ಮುಚ್ಚುವ ತನಕ ಬಾಗಿಸಿದರೆ ಒಳಕೋನ ತಾನಾಗಿ 120 ಆಗುತ್ತದೆ, ಕೋನಮಾಪಕವೇ ಬೇಡ. ಪಂಚಭುಜಕ್ಕೆ 72 ಡಿಗ್ರಿ ಬೇಕು, ಹಾಗಾಗಿ ಅರವನ್ನು ಎರಡು ಬದಿಗೂ ಕೊಂಚ ವಾಲಿಸಿ ಕಚ್ಚು ಅಗಲ ಮಾಡಿ. ಒಂದೇ ಸಲ ಬಾಗಿಸಿ. ಹಿಂದಕ್ಕೆ ಮುಂದಕ್ಕೆ ಆಡಿಸಿದರೆ ಮೂಲೆಯಲ್ಲೇ ಮುರಿಯುತ್ತದೆ.

ಬೆಸುಗೆ ಮೂರು ಹಂತ. ಬಾಗಿದ ಮೂಲೆಗಳಿಗೂ ಷಡ್ಭುಜದ ಕೂಡುವಿಕೆಗೂ ಹೆಚ್ಚು ಶಾಖದಲ್ಲಿ ಕರಗುವ ಹಾರ್ಡ್ ಬೆಸುಗೆ, ಪಂಚಭುಜ ಕೂಡಿಸಲು ಮೀಡಿಯಂ, ಕೊನೆಗೆ ಐದು ಕಡ್ಡಿಗಳಿಗೆ ಈಸಿ. ಕ್ರಮ ತಪ್ಪಿದರೆ ಹೊಸದನ್ನು ಬೆಸೆಯುವಾಗ ಹಳೆಯದು ಕಳಚಿಕೊಳ್ಳುತ್ತದೆ. ಎರಡು ಬಂಧ ಇರುವ ನಾಲ್ಕು ಕಡೆ 0.8 ಮಿಮೀ ತಂತಿಯನ್ನು ಪಕ್ಕದಲ್ಲಿ ಕೂರಿಸಿ, ನಡುವೆ 1 ಮಿಮೀ ಸಂದು ಬಿಡಿ. ಸಂದು ಕಿರಿದಾದರೆ ಬೆಸುಗೆ ಒಳಕ್ಕೆ ಹೀರಿಕೊಂಡು ತುಂಬಿಬಿಡುತ್ತದೆ, ಎರಡು ಬಂಧ ಒಂದು ದಪ್ಪ ಬಂಧವಾಗಿ ಕಾಣುತ್ತದೆ. ಬಿಳಿಗಾರ ಹಚ್ಚಿ ಬೆಸೆದದ್ದನ್ನು ಬೆಚ್ಚಗಿನ ಆಮ್ಲದಲ್ಲಿ ಅದ್ದುತ್ತೀರಲ್ಲ, ಅಲ್ಲಿ ಕಬ್ಬಿಣದ ಇಕ್ಕಳ ಬೇಡವೇ ಬೇಡ. ಕಬ್ಬಿಣ ತಾಗಿದೊಡನೆ ಆಮ್ಲದಲ್ಲಿರುವ ತಾಮ್ರ ಬೆಳ್ಳಿಯ ಮೇಲೆ ಕೂತು ಪದಕ ಕೆಂಪಾಗುತ್ತದೆ. ಬಿದಿರಿನದೋ ತಾಮ್ರದ್ದೋ ಇಟ್ಟುಕೊಳ್ಳಿ. ಪೇಟೆಯಲ್ಲಿ ಕೆಡಿಎಂ ಎನ್ನುವ ಕ್ಯಾಡ್ಮಿಯಂ ಬೆಸುಗೆಯನ್ನು ಮನೆಯೊಳಗೇ ತರಬೇಡಿ. ಅದರ ಹೊಗೆ ಶ್ವಾಸಕೋಶವನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ.

ಇನ್ನು ಕೊಂಡಿ ಎಲ್ಲಿ? ಸಿಕ್ಕಿದ ಮೂಲೆಗೆ ಕೊಂಡಿ ಬೆಸೆದರೆ ಅಣುವಿಗೆ ಇಲ್ಲದ ಗುಂಪೊಂದು ಸೇರಿದ ಹಾಗೆ. ಎರಡು ಆಕ್ಸಿಜನ್ ತುದಿಗಳಿವೆಯಲ್ಲ, ಅಲ್ಲಿ ಪುಟ್ಟ ಉಂಗುರ ಮಾಡಿ, ಆ ಉಂಗುರವೇ ಆಕ್ಸಿಜನ್. ಸರದ ಎರಡು ಎಳೆ ಅವಕ್ಕೆ. ಪದಕ ಪಂಚಭುಜದ ಕಡೆಗೆ ತುಸು ವಾಲುತ್ತದೆ, ವಾಲಲಿ. ಸಮತೋಲಕ್ಕೆಂದು ಇನ್ನೊಂದು ಕಡೆ ಬೆಳ್ಳಿ ಗುಂಡು ಸೇರಿಸಿದರೆ ಅದೂ ಒಂದು ಪರಮಾಣುವಾಗಿಬಿಡುತ್ತದೆ. ಮೀಥೈಲ್ ತುದಿಗಳನ್ನು ಉರಿಯಲ್ಲಿ ದುಂಡಗೆ ಮಾಡಿ. ಚೂಪಾಗಿ ಬಿಟ್ಟರೆ ಸೀರೆಯ ಎಳೆ ಕೀಳುತ್ತದೆ, ಅಂಥ ಪದಕವನ್ನು ಎರಡನೆಯ ಸಲ ಯಾರೂ ಹಾಕಿಕೊಳ್ಳುವುದಿಲ್ಲ.

ಇಷ್ಟು ಹಟ ಯಾಕೆ ಎಂದರೆ, ಹೆಲೆನ್ ಮೆಗಾ ಅವರ ಕಥೆ ಹೇಳಲೇಬೇಕು. ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಸ್ಫಟಿಕ ವಿಜ್ಞಾನಿ. ಎಕ್ಸ್-ರೇ ಪ್ರಯೋಗದಿಂದ ಹರಳುಗಳ ರಚನೆ ಬಿಡಿಸುವಾಗ ಭೂಪಟದ ಎತ್ತರದ ಗೆರೆಗಳಂಥ ನಕ್ಷೆಗಳು ಹುಟ್ಟುತ್ತವೆ, ಅಕ್ಕಪಕ್ಕ ಮರುಕಳಿಸುತ್ತ ಹೋಗುತ್ತವೆ. ರಂಗೋಲಿಯನ್ನು ಚುಕ್ಕಿ ಹಿಡಿದು ಬೆಳೆಸಿದ ಹಾಗೆ. ಇವನ್ನು ಬಟ್ಟೆಗೆ, ಗೋಡೆ ಕಾಗದಕ್ಕೆ ಯಾಕೆ ತರಬಾರದು ಎಂದು 1946ರಲ್ಲಿ ಆಕೆ ವಿನ್ಯಾಸಕಾರರ ಮುಂದಿಟ್ಟರು. ಯುದ್ಧ ಮುಗಿದು ಎಲ್ಲಕ್ಕೂ ಪಡಿತರ ಇದ್ದ ಕಾಲ. ಐದು ವರ್ಷವಾದ ಮೇಲೆ, 1951ರ ಫೆಸ್ಟಿವಲ್ ಆಫ್ ಬ್ರಿಟನ್‌ನಲ್ಲಿ ಅದು ಕೈಗೂಡಿತು. 28 ತಯಾರಕರು ಸೇರಿದರು. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ರೆಗಾಟಾ ಎಂಬ ರೆಸ್ಟೋರೆಂಟನ್ನೇ ಹರಳುಗಳ ವಿನ್ಯಾಸದಿಂದ ಸಿಂಗರಿಸಿದರು. ಇನ್ಸುಲಿನ್, ಹಿಮೋಗ್ಲೋಬಿನ್, ಮೆಗಾ ಅವರೇ ರಚನೆ ಬಿಡಿಸಿದ ಆಫ್ವಿಲೈಟ್ ಎಂಬ ಖನಿಜ, ಎಲ್ಲವೂ ನೇಯ್ಗೆಯಲ್ಲಿ, ಅಚ್ಚಿನಲ್ಲಿ ಬಂದವು. ನನಗೆ ಮುಖ್ಯವೆನಿಸುವುದು ಬೇರೆ: ಆ ಕೆಲಸಕ್ಕೆ ವಿಜ್ಞಾನದ ಸಲಹೆಗಾರ್ತಿಯಾಗಿ ಮೆಗಾ ಅವರೇ ನಿಂತಿದ್ದರು. ನಕ್ಷೆ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ನಮ್ಮಲ್ಲೂ ಅಕ್ಕಸಾಲಿಗರೂ ವಿಜ್ಞಾನಿಗಳೂ ಒಂದೇ ಮೇಜಿಗೆ ಕೂರಬೇಕು ಎನ್ನುವುದು ನನ್ನ ಗಟ್ಟಿ ನಂಬಿಕೆ.

ಸಮಯ ಓಡುತ್ತಿದೆ, ಡಿಎನ್ಎಗೆ ಬರುತ್ತೇನೆ. ಒಡವೆಗಳಲ್ಲಿ ಅತಿ ಹೆಚ್ಚು ತಪ್ಪಾಗುವುದು ಇದೇ. ನಮ್ಮ ಜೀವಕೋಶದ ಸಾಮಾನ್ಯ ಡಿಎನ್ಎ ಬಲಸುರುಳಿ. ನೆಟ್ಟಗೆ ಹಿಡಿದರೆ ಎದುರಿನ ಎಳೆ ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಏರಬೇಕು, ಮಾಮೂಲಿ ಸ್ಕ್ರೂವಿನ ಹಾಗೆ. ಪದಕವನ್ನು ತಲೆಕೆಳಗೆ ಮಾಡಿದರೂ ಎಡಸುರುಳಿ ಬಲಸುರುಳಿ ಆಗದು. ತಪ್ಪು ನುಸುಳುವುದು ಚಿತ್ರವನ್ನು ತಗಡಿಗೆ ಇಳಿಸುವಾಗ: ಕಾಗದ ಮಗುಚಿ ಅಂಟಿಸುತ್ತೀರಿ, ಕನ್ನಡಿ ಬಿಂಬ ಬರುತ್ತದೆ. ಎಡಸುರುಳಿಯ ಝಡ್-ಡಿಎನ್ಎ ಇದೆಯಲ್ಲ ಎಂದು ವಾದಿಸುವವರಿದ್ದಾರೆ. ಇದೆ, ಆದರೆ ಅದರ ಬೆನ್ನೆಲುಬು ಅಂಕುಡೊಂಕು. ನುಣುಪಾದ ಎಡಸುರುಳಿ ಮಾಡಿ ಆ ಹೆಸರು ಹೇಳುವಂತಿಲ್ಲ.

ಅಳತೆ ಬರೆದುಕೊಳ್ಳಿ. 10 ಮಿಮೀ ವ್ಯಾಸಕ್ಕೆ ಒಂದು ಸುತ್ತಿನ ಎತ್ತರ 17 ಮಿಮೀ. ಎರಡನೆಯ ಎಳೆ ಸರಿ ಮಧ್ಯದಲ್ಲಿ ಬರುವುದಿಲ್ಲ. ಒಂದು ಕಡೆ 6 ಮಿಮೀ, ಇನ್ನೊಂದು ಕಡೆ 11 ಮಿಮೀ ಸಂದು ಬಿಡಬೇಕು, ಕಿರಿದು ಮತ್ತು ಹಿರಿದು ತೋಡು. ಎರಡು ಎಳೆಗಳನ್ನು ಕೂಡಿಸುವ ಅಡ್ಡಕಡ್ಡಿಗಳು, ಏಣಿಯ ಮೆಟ್ಟಿಲಿನಂಥವು, ಒಂದು ಸುತ್ತಿಗೆ ಹತ್ತು. ತೋಡುಗಳು ಅಸಮವಾದ್ದರಿಂದ ಮೆಟ್ಟಿಲು ನಡುವನ್ನು ಹಾಯದೆ ಪಕ್ಕಕ್ಕೆ ಸರಿಯುತ್ತದೆ, ಅದರ ಉದ್ದ ತಂತಿಯ ನಡುವಿನಿಂದ ನಡುವಿಗೆ ಸುಮಾರು 9 ಮಿಮೀ. ಒಂದೊಂದು ಎಳೆಗೂ ಸುತ್ತಿಗೆ 36 ಮಿಮೀ ತಂತಿ ಬೇಕು. 1.2 ಮಿಮೀ ತಂತಿಯನ್ನು 8.8 ಮಿಮೀ ಸರಳಿಗೆ ಸುತ್ತಬೇಕು. ಸುತ್ತಿ ಬಿಟ್ಟಾಗ ತಂತಿ ಕೊಂಚ ಬಿಚ್ಚಿಕೊಳ್ಳುತ್ತದೆ, ಅದಕ್ಕೆ 8.5 ಇದ್ದರೆ ಒಳ್ಳೆಯದು.

ಮಾರಾಟದ ಬಗ್ಗೆ ಹೇಳಲು ಬಹಳ ಇತ್ತು. ಮುಖ್ಯವಾದದ್ದು ಬೆಲೆ. "ಗ್ರಾಂಗೆ ಎಷ್ಟು? ಮಜೂರಿ ಎಷ್ಟು ಪರ್ಸೆಂಟು?" ಎಂದು ಕೇಳಿದವರಿಗೆ ತೂಕದ ಲೆಕ್ಕ ಕೊಡಬೇಡಿ. ಈ ಕೆಫೀನ್ ಪದಕ ಸರ ಬಿಟ್ಟು ಹೆಚ್ಚುಕಡಿಮೆ ಒಂದೂವರೆ ಗ್ರಾಂ. ಬೆಳ್ಳಿಯ ಬೆಲೆಗೆ 20% ಸೇರಿಸಿದರೆ ಒಂದು ಗಂಟೆಯ ಕೂಲಿಯೂ ಹುಟ್ಟದು, ಕೆಲಸ ಮಾತ್ರ ಮೂರು ನಾಲ್ಕು ಗಂಟೆಯದು. ಬೆಳ್ಳಿ, ಅರದ ಪುಡಿಯಲ್ಲಿ ಹೋದದ್ದು, ಗ್ಯಾಸು, ಬೆಸುಗೆ, ಡಬ್ಬಿ, ನಿಮ್ಮ ಗಂಟೆಗಳು, ಅಂಗಡಿಯವರ ಪಾಲು, ಎಲ್ಲ ಕೂಡಿಸಿ, ಆಮೇಲೆ 3% ಜಿಎಸ್‌ಟಿ. ಅರದ ಪುಡಿಯನ್ನು ಚೆಲ್ಲಬೇಡಿ, ಅಯಸ್ಕಾಂತ ಆಡಿಸಿ ಕಬ್ಬಿಣ ತೆಗೆದು ಕರಗಿಸಲು ಇಡಿ.

ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿಯೇ ಇಲ್ಲ, ಇರುವುದು ತಾಮ್ರ, ಸತು, ನಿಕಲ್. ಬೆಳ್ಳಿ ಎಂದು ಮಾರುವುದು ಮೋಸ. ಕಿವಿಯ ಕೊಕ್ಕೆಗಂತೂ ಬೇಡ, ನಿಕಲ್ ಎಷ್ಟೋ ಜನರ ಚರ್ಮಕ್ಕೆ ಆಗುವುದಿಲ್ಲ. ನೀವೇ ಹೊಡೆದ 925 ಅಚ್ಚು ಹಾಲ್‌ಮಾರ್ಕ್ ಅಲ್ಲ, ಗಿರಾಕಿಗೆ ಹಾಗೆ ಹೇಳಬೇಡಿ. ಫೋಟೊ ತೆಗೆಯುವಾಗ ಗ್ರಾಫ್ ಕಾಗದದ ಮೇಲಿಡಿ, ಗಾತ್ರ ತಪ್ಪು ತಿಳಿದು ವಾಪಸ್ ಬರುವುದು ಕಡಿಮೆಯಾಗುತ್ತದೆ. ಪ್ರತಿ ಡಬ್ಬಿಯಲ್ಲೂ ಕನ್ನಡದಲ್ಲಿ ನಾಲ್ಕು ಸಾಲಿನ ಚೀಟಿ ಇರಲಿ: ಯಾವ ಅಣು, ಯಾವ ಮೂಲೆಯಲ್ಲಿ ನೈಟ್ರೋಜನ್, ಕೊಂಡಿ ಯಾವ ಪರಮಾಣು. "ಇದೇನಮ್ಮಾ" ಎಂದವರಿಗೆ ಓದಿ ಹೇಳಲು.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಪಕ್ಕದ ಕೋಣೆಯಲ್ಲಿ ತಾಮ್ರದ ತಂತಿ, ತ್ರಿಕೋನ ಅರ, ಇಕ್ಕಳ ಇಟ್ಟಿದೆ. ಷಡ್ಭುಜ ಬಾಗಿಸಿ ನೋಡಬೇಕೆನ್ನುವವರು ಹತ್ತು ಹತ್ತು ಜನ ಬನ್ನಿ, ಕನ್ನಡಕ ಹಾಕಿಕೊಂಡು ಕೂತುಕೊಳ್ಳಿ.